ಬೆತ್ತ ಹೋಯಿತು, ಟಿ.ಸಿ. ಬಂತು

ಇಂಟರ್ನ್‌ಶಿಪ್ ಶಾಲೆಗಳ ಹಂಚಿಕೆ ಪಟ್ಟಿ ಸೂಚನಾ ಫಲಕಕ್ಕೆ ಬಿದ್ದ ದಿನ ನಮ್ಮ ಪ್ರಶಿಕ್ಷಣಾರ್ಥಿಗಳ ನಡುವೆ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ: "ಕಾನ್ವೆಂಟ್ ಸಿಕ್ಕಿದವರು ಪುಣ್ಯವಂತರು, ಅಲ್ಲಿ ಶಿಸ್ತು ಇದೆ." ಸರಕಾರಿ ಪ್ರೌಢಶಾಲೆ ಸಿಕ್ಕಿದವರ ಮುಖ ಸ್ವಲ್ಪ ಸಣ್ಣದಾಗುತ್ತದೆ. ಮೊದಲ ವರ್ಷದ 4 ವಾರ, ಎರಡನೆಯ ವರ್ಷದ 16 ವಾರ ಮುಗಿಸಿ ಅವರು ಮರಳಿದಾಗ ಒಪ್ಪಿಸುವ ದಿನಚರಿಯಲ್ಲಿಯೂ ಅದೇ ಪದ ಮತ್ತೆ ಮತ್ತೆ ಬರುತ್ತದೆ. ಶಿಸ್ತು ಚೆನ್ನಾಗಿತ್ತು, ಶಿಸ್ತಿನಿಂದ ಪಾಠ ಸುಲಭವಾಯಿತು, ನಾನೂ ಮುಂದೆ ಇಂಥ ಶಿಸ್ತನ್ನೇ ತರುತ್ತೇನೆ. ಆ ಶಿಸ್ತು ಎಲ್ಲಿಂದ ಬಂತು, ಅದನ್ನು ಉಳಿಸಿಕೊಳ್ಳಲು ಶಾಲೆ ಏನು ಮಾಡುತ್ತದೆ, ಯಾರು ಅದರ ಬೆಲೆ ತೆರುತ್ತಾರೆ ಎಂದು ಬರೆದವರು ಕಡಿಮೆ. ಇದು ಅವರ ತಪ್ಪಲ್ಲ. ನಾವು ಅದನ್ನು ಕೇಳುವುದೇ ಇಲ್ಲ.

ಕಥೋಲಿಕ ಸಂಸ್ಥೆಗಳು ನಡೆಸುವ ಶಾಲೆಗಳ ಬಗ್ಗೆ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಸಮವಸ್ತ್ರ, ಟೈ, ಸಾಲಾಗಿ ನಡೆಯುವ ಮಕ್ಕಳು, ಕೆಂಪು ಶಾಯಿಯ ಟಿಪ್ಪಣಿ ಬೀಳುವ ಶಾಲಾ ಡೈರಿ ಇವೆಲ್ಲ ನಮ್ಮ ಊರುಗಳಿಗೆ ಬಹುಮಟ್ಟಿಗೆ ಮಿಶನರಿ ಶಾಲೆಗಳ ಮೂಲಕವೇ ಪರಿಚಯವಾದವು. ಇಂದು ಮಠದ ಆಡಳಿತದ ಶಾಲೆಯಾಗಲಿ, ಉದ್ಯಮಿಯೊಬ್ಬರ ಟ್ರಸ್ಟಿನ ಶಾಲೆಯಾಗಲಿ ಇಂಗ್ಲಿಷ್ ಮಾಧ್ಯಮ ತೆರೆದಾಗ ನೋಡಿ ನಕಲು ಮಾಡುವುದು ಕಾನ್ವೆಂಟನ್ನೇ. ಆದ್ದರಿಂದ ಅಲ್ಲಿ ಸರಿಯಾದದ್ದು ಎಲ್ಲ ಕಡೆ ಸರಿಯಾದೀತು. ಎರಡನೆಯ ಕಾರಣ, ಈ ಶಾಲೆಗಳಿಗೆ ತಮ್ಮದೇ ಆದ ಒಂದು ಶಿಕ್ಷಣ ಪರಂಪರೆ ಇದೆ. ಶಿಕ್ಷೆಯ ಬಗ್ಗೆ ಆ ಪರಂಪರೆ ನಾಲ್ಕು ಶತಮಾನಗಳಿಂದ ಯೋಚಿಸಿದೆ. ಹೊರಗಿನವರ ಅಳತೆಗೋಲು ಬೇಕಾಗಿಲ್ಲ, ಅವರದನ್ನೇ ಹಿಡಿದು ನೋಡಬಹುದು.

ಮೊದಲು ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ವಿಚಿತ್ರವೆನಿಸಿದ್ದ ಕಾಲದಲ್ಲಿ ಕರಾವಳಿಯಲ್ಲಿ ಅವರಿಗಾಗಿ ಶಾಲೆ ತೆರೆದವರಲ್ಲಿ ಧರ್ಮಭಗಿನಿಯರು ಮುಂದಿದ್ದರು. ಮಂಗಳೂರಿನಲ್ಲಿ ಇಟಲಿಯ ಜೆಸ್ವಿಟ್ ಗುರುಗಳು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ ಎಲ್ಲ ಜಾತಿ ಮತಗಳ ಹುಡುಗರು ಒಂದೇ ಬೆಂಚಿನಲ್ಲಿ ಕುಳಿತು ಓದಿ ಹೊರಬಂದಿದ್ದಾರೆ. ನಾನು ಪಾಠ ವೀಕ್ಷಣೆಗೆ ಹೋಗುವ ಕಾನ್ವೆಂಟ್ ಶಾಲೆಗಳಲ್ಲಿ ಗಂಟೆ ಹೊಡೆದ ಮೇಲೆ ಶಿಕ್ಷಕರು ತರಗತಿಯಲ್ಲಿರುತ್ತಾರೆ. ಪ್ರಯೋಗಾಲಯದ ಬೀಗ ತೆರೆದಿರುತ್ತದೆ, ಶೌಚಾಲಯ ಶುಚಿಯಾಗಿರುತ್ತದೆ. ಮಕ್ಕಳ ಶಿಸ್ತಿಗಿಂತ ಮೊದಲು ದೊಡ್ಡವರ ಶಿಸ್ತು ಅಲ್ಲಿ ಕಾಣುತ್ತದೆ. ಪ್ರಶಿಕ್ಷಣಾರ್ಥಿಗಳು ದಿನಚರಿಯಲ್ಲಿ ಬರೆದು ಕಲಿಯಬೇಕಾದದ್ದು ಇದನ್ನು.

ತೊಂದರೆ ಶುರುವಾಗುವುದು ಶಿಸ್ತು ಶಾಲೆಯ ಹೆಸರಿಗೆ ಅಂಟಿಕೊಂಡ ಮೇಲೆ. ತಂದೆತಾಯಿಯರು ಡೊನೇಶನ್ ಕೊಟ್ಟೋ ಶಿಫಾರಸು ಹಿಡಿದೋ ಮಗುವನ್ನು ಅಲ್ಲಿಗೆ ಸೇರಿಸುವಾಗ ಕೇಳುವುದು ಎರಡೇ ವಸ್ತು: ಇಂಗ್ಲಿಷ್ ಮತ್ತು ಶಿಸ್ತು. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಶಿಸ್ತು ಹೀಗೆ ಮಾರುಕಟ್ಟೆಯಲ್ಲಿ ಬೆಲೆಯುಳ್ಳ ಸರಕಾದಾಗ ಅದನ್ನು ಕೆಡಿಸುವ ಹುಡುಗ ನಷ್ಟದ ಬಾಬ್ತು ಆಗುತ್ತಾನೆ. ತಿದ್ದುವುದು ನಿಧಾನದ ಕೆಲಸ. ಹೊರಗೆ ಕಳಿಸುವುದು ಒಂದು ಹಾಳೆಯ ಕೆಲಸ.

ಬೆತ್ತದ ವಿಷಯಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸಿತು. 16ನೇ ಸೆಕ್ಷನ್ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆಂದಿತು. ಆದರೆ 2014ರ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 30ನೇ ವಿಧಿಯ ರಕ್ಷಣೆ ಇರುವ ಅಲ್ಪಸಂಖ್ಯಾತ ಶಾಲೆಗಳಿಗೆ, ಅವು ಅನುದಾನಿತವಾಗಿರಲಿ ಅಲ್ಲದಿರಲಿ, ಈ ಕಾಯ್ದೆ ಅನ್ವಯಿಸದು ಎಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠ ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ.

"ಹಾಗಾದರೆ 17ನೇ ಸೆಕ್ಷನ್ ನಮಗಿಲ್ಲ" ಎಂದು ಆಡಳಿತ ಮಂಡಳಿಯ ಸದಸ್ಯರೊಬ್ಬರು ಸಭೆಯೊಂದರಲ್ಲಿ ನಗುತ್ತಲೇ ಹೇಳಿದ್ದನ್ನು ಕೇಳಿದ್ದೇನೆ. ಆ ನಗುವಿಗೆ ಕಾನೂನಿನ ಆಧಾರ ಕಡಿಮೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಹೊಣೆ ಹೊತ್ತವರು ನಡೆಸುವ ಹಲ್ಲೆಗೆ, ಅನಗತ್ಯ ಮಾನಸಿಕ ಅಥವಾ ದೈಹಿಕ ಯಾತನೆಗೆ 3 ವರ್ಷದವರೆಗೆ ಸಜೆಯನ್ನು ಹೇಳುತ್ತದೆ. ಅದರಲ್ಲಿ ಅಲ್ಪಸಂಖ್ಯಾತ, ಬಹುಸಂಖ್ಯಾತ ಎಂಬ ಭೇದವಿಲ್ಲ. ಇನ್ನೊಂದು ಸಂಗತಿ: ಶಾಲೆಯ ಶಿಸ್ತು ಮಗುವಿನ ಮಾನವೀಯ ಘನತೆಗೆ ಹೊಂದಿಕೆಯಾಗಿರಬೇಕು ಎಂದು 28ನೇ ವಿಧಿಯಲ್ಲಿ ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ಪವಿತ್ರ ಪೀಠ, ಅಂದರೆ ವ್ಯಾಟಿಕನ್, ಅದಕ್ಕೆ ಎರಡು ವರ್ಷ ಮೊದಲೇ, 1990ರಲ್ಲಿ ಒಪ್ಪಿಗೆ ನೀಡಿತ್ತು.

ಆದರೆ ನನ್ನ ವಾದ ಬೆತ್ತದ ಬಗ್ಗೆ ಅಲ್ಲ. ನ್ಯಾಯವಾಗಿ ಹೇಳುವುದಾದರೆ, ನಾನು ನೋಡುವ ಕಾನ್ವೆಂಟ್ ಶಾಲೆಗಳಲ್ಲಿ ಬೆತ್ತ ಬಹುಮಟ್ಟಿಗೆ ಕಪಾಟು ಸೇರಿದೆ. ಅಲ್ಲೊಂದು ಇಲ್ಲೊಂದು ಅಡಿಕೋಲು ಮೇಜಿನ ಮೇಲೆ ಸದ್ದು ಮಾಡುತ್ತದೆ, ಅಷ್ಟೆ. ಅದರ ಜಾಗಕ್ಕೆ ಬಂದವುಗಳ ಬಗ್ಗೆ ನನ್ನ ತಕರಾರು.

ಕನ್ನಡದಲ್ಲಿ 'ದಂಡ' ಎಂದರೆ ಕೋಲು. ಜುಲ್ಮಾನೆಯೂ ದಂಡವೇ. ವ್ಯರ್ಥವಾಗಿ ಹೋದದ್ದೂ ದಂಡವೇ. ನಮ್ಮ ಶಾಲೆಗಳು ಮೊದಲ ಅರ್ಥದಿಂದ ಎರಡನೆಯದಕ್ಕೆ ಬಂದಿವೆ, ಪರಿಣಾಮ ಮೂರನೆಯದು. ತಡವಾಗಿ ಬಂದರೆ ಇಷ್ಟು, ಟೈ ಮರೆತರೆ ಇಷ್ಟು, ಕಾರಿಡಾರಿನಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಮಾತನಾಡಿದರೆ ಇಷ್ಟು. ಕೊನೆಯದು ಕೆಲವು ಕಡೆ ಈಗಲೂ ಇದೆ. (ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1960ರ ದಶಕದಲ್ಲಿ, ದೇವರ ಪೂಜೆಯೇ ಲ್ಯಾಟಿನನ್ನು ಬಿಟ್ಟು ಜನರ ಭಾಷೆಗೆ ಬಂತು. ಇಗರ್ಜಿಯಲ್ಲಿ ದೇವರೊಡನೆ ಕೊಂಕಣಿಯಲ್ಲಿ ಮಾತನಾಡುವ ಹುಡುಗಿ, ಐವತ್ತು ಹೆಜ್ಜೆ ಆಚೆಯ ಶಾಲೆಯಲ್ಲಿ ಗೆಳತಿಯೊಡನೆ ಅದೇ ಭಾಷೆ ಆಡಿದರೆ ದಂಡ ಕಟ್ಟಬೇಕು!) ಹಣದ ದಂಡ ಎಲ್ಲರಿಗೂ ಒಂದೇ ಎಂದು ಕಾಣುತ್ತದೆ. ವೈದ್ಯರ ಮಗನಿಗೆ ಅದು ಕ್ಯಾಂಟೀನಿನ ಒಂದು ಪಫ್ಸ್. ಬೀಡಿ ಕಟ್ಟುವ ತಾಯಿಯ ಮಗಳಿಗೆ ಮನೆಯಲ್ಲಿ ಸುಳ್ಳು ಹೇಳಬೇಕಾದ ಸಂದರ್ಭ.

ಇನ್ನೊಂದು, "ನಾಳೆ ಪೋಷಕರನ್ನು ಕರೆದುಕೊಂಡು ಬಾ." ಕೇಳಲು ಇದಕ್ಕಿಂತ ಸೌಮ್ಯವಾದ ಕ್ರಮ ಇನ್ನಾವುದಿದೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 796ನೇ ವಿಧಿ ಶಿಕ್ಷಕರು ತಂದೆತಾಯಿಯರೊಡನೆ ನಿಕಟವಾಗಿ ಸಹಕರಿಸಬೇಕು, ಅವರ ಮಾತನ್ನು ಮನಸಾರೆ ಕೇಳಬೇಕು ಎಂದೇ ಹೇಳುತ್ತದೆ. ಮಾತು ಕೇಳಲು ಕರೆದರೆ ಸರಿ. ನಡೆಯುವುದು ಬೇರೆ. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ ಒಂದು ದಿನದ ಸಂಬಳ ಬಿಟ್ಟು, ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕಚೇರಿಯ ಹೊರಗಿನ ಬೆಂಚಿನಲ್ಲಿ ಕಾಯುತ್ತಾಳೆ. ಒಳಗೆ ಹೋದ ಮೇಲೆ ಐದು ನಿಮಿಷ ಮಗನ ಮುಂದೆಯೇ ಅವಳಿಗೆ ಬುದ್ಧಿ ಹೇಳಲಾಗುತ್ತದೆ. ಆಮೇಲೆ ಇಂಗ್ಲಿಷಿನಲ್ಲಿ ಟೈಪಾದ ಮುಚ್ಚಳಿಕೆಗೆ ಅವಳು ಸಹಿ ಮಾಡುತ್ತಾಳೆ. 'ಇನ್ನೊಮ್ಮೆ ನಿಯಮ ಮೀರಿದರೆ ಶಾಲೆ ಕೈಗೊಳ್ಳುವ ಯಾವುದೇ ಕ್ರಮಕ್ಕೆ ನಾನು ಬದ್ಧಳು' ಎಂಬರ್ಥದ ಒಂದು ಸಾಲು ಅದರಲ್ಲಿರುತ್ತದೆ. ಆ ಸಾಲು ಅವಳಿಗೆ ಓದಲು ಬಾರದು. ಹುಡುಗನಿಗೆ ಬರುತ್ತದೆ. ತನ್ನಿಂದಾಗಿ ತಾಯಿ ಅರ್ಥವಾಗದ್ದಕ್ಕೆ ಸಹಿ ಹಾಕಿದಳೆಂಬುದು ಅವನಿಗೆ ಗೊತ್ತಿರುತ್ತದೆ. ಕೈ ಮೇಲಿನ ಎರಡು ಏಟು ಸಂಜೆಗೆ ಮರೆತುಹೋಗುತ್ತಿತ್ತು.

ಈ ಮುಚ್ಚಳಿಕೆ ಟಿ.ಸಿ.ಯ ಪೀಠಿಕೆ.

ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಮನಶ್ಶಾಸ್ತ್ರದ ವ್ಯಕ್ತಿ ಅಧ್ಯಯನಕ್ಕಾಗಿ 9ನೇ ತರಗತಿಯ ಹುಡುಗನೊಬ್ಬನನ್ನು ಆರಿಸಿಕೊಂಡಿದ್ದಳು. ಶಾಲೆಯ ಹೆಸರು, ಊರು ಬೇಡ. ಡೈರಿಯಲ್ಲಿ ಅವನಿಗೆ ಮೂರು ಕೆಂಪು ಟಿಪ್ಪಣಿಗಳಿದ್ದವು. ಎರಡು ತಡವಾಗಿ ಬಂದದ್ದಕ್ಕೆ, ಒಂದು ಬ್ಯಾಗಿನಲ್ಲಿ ಮೊಬೈಲ್ ಸಿಕ್ಕಿದ್ದಕ್ಕೆ. ಮೂರು ಕೆಂಪು ಟಿಪ್ಪಣಿ ಎಂದರೆ ಮುಖ್ಯೋಪಾಧ್ಯಾಯಿನಿಯ ಕೋಣೆ. ಇವಳು ವ್ಯಕ್ತಿ ಅಧ್ಯಯನದ ನಮೂನೆಯಲ್ಲಿ 'ಕುಟುಂಬದ ಹಿನ್ನೆಲೆ' ಎಂಬ ಅಂಕಣ ಇದ್ದುದರಿಂದ ಅವನ ಮನೆಗೆ ಹೋದಳು. ತಾಯಿ ಏಳು ಗಂಟೆಯ ಬಸ್ಸಿಗೆ ಕೆಲಸಕ್ಕೆ ಹೋಗುತ್ತಾಳೆ. ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುವುದು ಇವನ ಕೆಲಸ, ಅಂಗನವಾಡಿಯ ಬಾಗಿಲು ತೆರೆಯುವುದಕ್ಕೂ ಶಾಲೆಯ ಪ್ರಾರ್ಥನೆಯ ಗಂಟೆಗೂ ಹೊಂದಿಕೆಯಿಲ್ಲ. ಮೊಬೈಲು ತಾಯಿಯದು, ತಂಗಿಗೆ ಜ್ವರವಿದ್ದ ದಿನ ಇವನ ಬಳಿ ಇತ್ತು. ಈ ಮೂರು ಸಂಗತಿ ತಿಳಿಯಲು ಅವಳಿಗೆ ಬೇಕಾದದ್ದು ಒಂದು ಸಂಜೆ. ಶಾಲೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಕೇಳುವ ಅಂಕಣವೊಂದು ಅವರ ರಿಜಿಸ್ಟರಿನಲ್ಲಿ ಇರಲಿಲ್ಲ, ಅಷ್ಟೆ.

ಅವಳು ವರದಿ ಬರೆದು ಮುಗಿಸುವಷ್ಟರಲ್ಲಿ ಹುಡುಗ ಶಾಲೆ ಬಿಟ್ಟಾಗಿತ್ತು. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈ ವಾತಾವರಣ ಅವನಿಗೆ ಹೊಂದುವುದಿಲ್ಲ, ನೀವೇ ಕೇಳಿ ಪಡೆದರೆ ಅವನ ಭವಿಷ್ಯಕ್ಕೆ ಒಳ್ಳೆಯದು" ಎಂದು ತಾಯಿಗೆ ಹೇಳಲಾಗಿತ್ತಂತೆ. ಟಿ.ಸಿ.ಯಲ್ಲಿ ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ನಡತೆ: ಉತ್ತಮ.

ಆ ಎರಡು ಅಂಕಣಗಳನ್ನು ಪ್ರಶಿಕ್ಷಣಾರ್ಥಿಗಳು ಗಮನವಿಟ್ಟು ಓದಬೇಕು. ನಡತೆ ಉತ್ತಮವಾಗಿದ್ದರೆ ಕಳಿಸಿದ್ದೇಕೆ? ನಡತೆ ಕೆಟ್ಟದ್ದಾಗಿದ್ದರೆ ವಿಚಾರಣೆ ಎಲ್ಲಿ, ಆದೇಶ ಎಲ್ಲಿ? ಕೋರಿಕೆ ಎಂದು ಬರೆದ ಕೂಡಲೇ ಶಿಕ್ಷೆ ಕಾಗದದಿಂದ ಮಾಯವಾಗುತ್ತದೆ. ಮೇಲ್ಮನವಿಗೆ ಏನೂ ಉಳಿಯುವುದಿಲ್ಲ, ಕೋರಿದವರೇ ದೂರುವುದು ಹೇಗೆ? ಇದು ಹೆಚ್ಚಾಗಿ ನಡೆಯುವುದು 9ನೇ ತರಗತಿಯಲ್ಲಿ. ಎಂಟನೆಯ ತರಗತಿಯ ರಕ್ಷಣೆ ಅಲ್ಲಿ ಮುಗಿದಿರುತ್ತದೆ, ಹತ್ತನೆಯ ತರಗತಿಯ ಶೇಕಡಾ 100 ಫಲಿತಾಂಶದ ಫ್ಲೆಕ್ಸ್ ಎದುರಿಗಿರುತ್ತದೆ. ತಡವಾಗಿ ಬರುವ ಹುಡುಗ ಮತ್ತು ಗಣಿತದಲ್ಲಿ ಹಿಂದಿರುವ ಹುಡುಗ ಎಷ್ಟೋ ಸಲ ಒಬ್ಬನೇ ಆಗಿರುತ್ತಾನೆ. ಶಿಸ್ತಿನ ಹೆಸರಿನಲ್ಲಿ ಹೊರಹೋದವರಲ್ಲಿ ಎಷ್ಟು ಮಂದಿ ನಿಜವಾಗಿ ಫಲಿತಾಂಶದ ಕಾರಣಕ್ಕೆ ಹೋದರು ಎಂಬುದನ್ನು ಯಾವ ರಿಜಿಸ್ಟರೂ ಹೇಳದು.

ಈಗ ಆ ಪರಂಪರೆಯ ಮಾತು. 1599ರಲ್ಲಿ ಜೆಸ್ವಿಟರು ತಮ್ಮ ಶಾಲೆಗಳಿಗಾಗಿ ಹೊರತಂದ 'ರಾಷಿಯೊ ಸ್ಟುಡಿಯೋರುಮ್' ಎಂಬ ನಿಯಮಾವಳಿಯಲ್ಲಿ ಒಂದು ವಿಚಿತ್ರ ಹುದ್ದೆ ಇದೆ. ಒಳ್ಳೆಯ ಮಾತಿಗೆ ಬಗ್ಗದ ಹುಡುಗನಿಗೆ ಏಟು ಕೊಡಲೇಬೇಕಾದರೆ ಅದಕ್ಕೊಬ್ಬ 'ತಿದ್ದುಗಾರ'ನನ್ನು ಬೇರೆಯಾಗಿ ನೇಮಿಸಬೇಕು, ಅವನು ಸಂಘದ ಸದಸ್ಯನಾಗಿರಬಾರದು. ಪಾಠ ಮಾಡುವ ಗುರು ಮಾತ್ರ ಕೈ ಎತ್ತುವಂತಿಲ್ಲ. ಶಿಕ್ಷಿಸಲು ಆತುರಪಡಬಾರದು, ತಪ್ಪುಗಳನ್ನು ಅತಿಯಾಗಿ ಕೆದಕಬಾರದು, ವಿದ್ಯಾರ್ಥಿಯನ್ನು ಅವನ ಸ್ವಂತ ಹೆಸರಿನಿಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ಕರೆಯಬಾರದು ಎಂದೂ ಗುರುವಿಗೆ ಅಲ್ಲಿ ಸೂಚನೆಯಿದೆ. ನಮ್ಮ ಸ್ಟಾಫ್ ರೂಮುಗಳಲ್ಲಿ ಅರ್ಧ ಗಂಟೆ ಕುಳಿತವರಿಗೆ ಈ ಕೊನೆಯ ಸೂಚನೆಯ ಬೆಲೆ ತಿಳಿಯುತ್ತದೆ. ತಿದ್ದುಗಾರನ ಹುದ್ದೆ ಇಂದು ಬೇಡ. ಆದರೆ ಅದರ ಹಿಂದಿನ ಬುದ್ಧಿ ಬೇಕು. ಸಿಟ್ಟು ಬಂದವನ ಕೈಯಲ್ಲಿ ಶಿಕ್ಷೆ ಇರಬಾರದು. ಇಂದು ತರಗತಿ ಶಿಕ್ಷಕಿಯೇ ದೂರುದಾರಳು, ಅವಳೇ ಸಾಕ್ಷಿ, ಕೆಂಪು ಶಾಯಿಯ ಪೆನ್ನೂ ಅವಳದೇ.

ಪರಂಪರೆ ಎಲ್ಲ ಕಡೆ ಹೀಗೆ ಮೃದುವಾಗಿಲ್ಲ. ಶಿಕ್ಷಕರ ಪಾಲಕ ಸಂತರೆಂದು ಗೌರವಿಸಲಾಗುವ ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರ ಶಾಲಾ ಕೈಪಿಡಿ 1720ರಲ್ಲಿ ಅಚ್ಚಾಯಿತು. ಚರ್ಮದ ಪಟ್ಟಿಯಿಂದ ಅಂಗೈಗೆ ಹೇಗೆ ಹೊಡೆಯಬೇಕೆಂಬ ವಿವರವೂ ಅದರಲ್ಲಿದೆ, ಅದನ್ನು ಆದಷ್ಟು ಅಪರೂಪವಾಗಿಸಿ ಎಂಬ ಎಚ್ಚರಿಕೆಯೂ ಇದೆ. ಮುಂದೆ 1877ರಲ್ಲಿ ಇಟಲಿಯ ತುರಿನ್ ನಗರದ ಡಾನ್ ಬಾಸ್ಕೊ ತಮ್ಮ 'ತಡೆ ವಿಧಾನ'ದ ಬಗ್ಗೆ ಒಂದು ಕಿರುಹೊತ್ತಗೆ ಬರೆದರು. ಬೀದಿಗೆ ಬಿದ್ದ, ಜೈಲು ಕಂಡ ಹುಡುಗರ ನಡುವೆ ಕೆಲಸ ಮಾಡಿದವರು ಅವರು, ನಮ್ಮ ಕಾನ್ವೆಂಟಿನ ಟೈ ಕಟ್ಟಿದ ಮಕ್ಕಳ ನಡುವೆಯಲ್ಲ. ಅವರ ವಿಧಾನದ ಮೊದಲ ಹೆಜ್ಜೆ, ನಿಯಮಗಳನ್ನು ಹುಡುಗರಿಗೆ ಮೊದಲೇ ತಿಳಿಸಬೇಕು. ಎರಡನೆಯದು, ಹಿರಿಯರು ಅವರ ನಡುವೆಯೇ ಇರಬೇಕು, ಆಟದ ಮೈದಾನದಲ್ಲಿಯೂ. ತಪ್ಪು ನಡೆದ ಮೇಲೆ ಹಿಡಿಯುವುದಕ್ಕಿಂತ ತಪ್ಪು ನಡೆಯದಂತೆ ಜೊತೆಗಿರುವುದು. ತೀರ ಅಪರೂಪದ ಸಂದರ್ಭ ಬಿಟ್ಟರೆ ನಾಲ್ಕು ಜನರೆದುರು ಶಿಕ್ಷೆ ಕೊಡಬಾರದು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವಂತೆ ಮೊಣಕಾಲೂರಿಸುವುದು ಪೂರ್ತಿ ವರ್ಜ್ಯ. ಗಮನಿಸಿ, ಇಸವಿ 1877. ಮೊಣಕಾಲೂರಿ ನಿಂತ ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ನಾವೆಲ್ಲ ಎಷ್ಟು ಈಚಿನವರೆಗೆ ನೋಡಿದ್ದೇವೆ ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಇನ್ನೊಂದನ್ನು ಹೇಳಲು ಕ್ರೈಸ್ತರೇ ಆಗಬೇಕಾಗಿಲ್ಲ, ಅವರ ನೆರೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಿಷಯ. ಕಥೋಲಿಕರಲ್ಲಿ ಪಾಪನಿವೇದನೆಯ ಸಂಸ್ಕಾರವಿದೆ. ಮನುಷ್ಯ ಗುರುವಿನ ಬಳಿ ತಪ್ಪು ಹೇಳಿಕೊಳ್ಳುತ್ತಾನೆ, ಪ್ರಾಯಶ್ಚಿತ್ತವಾಗಿ ಏನಾದರೂ ಮಾಡಲು ಹೇಳಿಸಿಕೊಳ್ಳುತ್ತಾನೆ, ಎದ್ದು ಹೋಗುತ್ತಾನೆ. ಕೇಳಿದ ಗುರು ಅದನ್ನು ಯಾರಿಗೂ ಹೇಳುವಂತಿಲ್ಲ. ಮುಂದಿನ ವಾರ ಅವನನ್ನು ಕಂಡಾಗ ನೆನಪಿಸುವಂತಿಲ್ಲ. ತಪ್ಪಿಗೆ ಒಂದು ಮುಕ್ತಾಯವಿದೆ. ಅದೇ ಧರ್ಮಸಭೆಯ ಶಾಲೆಯ ಡೈರಿಯಲ್ಲಿ ಜೂನ್ ತಿಂಗಳ ಕೆಂಪು ಟಿಪ್ಪಣಿ ಫೆಬ್ರವರಿಯಲ್ಲಿಯೂ ಜೀವಂತವಾಗಿರುತ್ತದೆ. ಒಂದು ಎರಡನ್ನು ಕರೆಯುತ್ತದೆ, ಎರಡು ಮೂರನ್ನು. ಶಿಕ್ಷಕಿ ಬದಲಾದರೆ ಹೊಸಬರಿಗೆ "ಅವನ ಮೇಲೆ ಒಂದು ಕಣ್ಣಿಡಿ" ಎಂದು ಹೇಳಿಯೇ ಹಸ್ತಾಂತರ. ಎಷ್ಟು ದಿನದ ಬಳಿಕ ಒಂದು ಟಿಪ್ಪಣಿ ಅಳಿಸಿಹೋಗುತ್ತದೆ ಎಂದು ಬರೆದ ಡೈರಿಯನ್ನು ನಾನು ಈವರೆಗೆ ನೋಡಿಲ್ಲ. ನನ್ನ ಮುಖ್ಯ ಬೇಡಿಕೆ ಇದೇ: ಶಿಕ್ಷೆಗೆ ಮುಗಿಯುವ ದಿನಾಂಕವೊಂದು ಇರಲಿ, ಅದು ಮೊದಲೇ ಬರವಣಿಗೆಯಲ್ಲಿರಲಿ.

ಮುಖ್ಯೋಪಾಧ್ಯಾಯಿನಿಯರ ಮಾತನ್ನೂ ಕೇಳಬೇಕು. ಅವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿನಿಯರು, ಸಂಕೋಚವಿಲ್ಲದೆ ಹೇಳುತ್ತಾರೆ. ಒಂದು ಕೋಣೆಯಲ್ಲಿ ಐವತ್ತೈದು ಮಕ್ಕಳು. ಒಬ್ಬ ಇನ್ನೊಬ್ಬನನ್ನು ದಿನಾ ಪೀಡಿಸುತ್ತಿದ್ದರೆ ಪೀಡಿತನ ತಂದೆ ಬಂದು, ಅವನನ್ನು ತೆಗೆಯಿರಿ ಇಲ್ಲವೇ ಪೊಲೀಸರಿಗೆ ಹೋಗುತ್ತೇನೆ ಎನ್ನುತ್ತಾನೆ. ಹೊಡೆಯಬೇಡಿ ಅಂತೀರಿ, ಕಳಿಸಬೇಡಿ ಅಂತೀರಿ, ಆಪ್ತಸಮಾಲೋಚಕರ ಹುದ್ದೆಗೆ ಸಂಬಳ ಯಾರು ಕೊಡುತ್ತಾರೆ? ಇದು ಸುಳ್ಳಲ್ಲ. ಪೀಡಿತ ಮಗುವಿನ ಹಕ್ಕು ಪೀಡಕನ ಹಕ್ಕಿಗಿಂತ ಕಡಿಮೆಯಲ್ಲ. ಕೆಲವು ತಪ್ಪುಗಳಿಗೆ ಬಿಗಿಯಾದ ಕ್ರಮ ಬೇಕೇ ಬೇಕು. ಕೆಲವು ದಿನ ಆ ಹುಡುಗನನ್ನು ತರಗತಿಯಿಂದ ದೂರ ಇಟ್ಟು ಶಾಲೆಯೊಳಗೇ ಬೇರೆ ಕೋಣೆಯಲ್ಲಿ ಒಬ್ಬ ಹಿರಿಯರ ಜೊತೆ ಕೆಲಸ ಮಾಡಿಸುವುದು, ಹಾಳುಮಾಡಿದ್ದನ್ನು ಅವನ ಕೈಯಿಂದಲೇ ರಿಪೇರಿ ಮಾಡಿಸುವುದು, ನೋಯಿಸಿದವನ ಮುಂದೆ ಕುಳಿತು ಮಾತನಾಡಿಸುವುದು. ಇವು ಸುಲಭದ ಕ್ರಮಗಳಲ್ಲ, ಹುಡುಗನಿಗೂ ಅಲ್ಲ. ಟಿ.ಸಿ. ಕೊಟ್ಟಾಗ ಪೀಡಕ ಮಾಯವಾಗುವುದಿಲ್ಲ, ಎರಡು ಕಿಲೋಮೀಟರ್ ಆಚೆಯ ಸರಕಾರಿ ಶಾಲೆಯ ಮಕ್ಕಳ ನಡುವೆ ಹೋಗಿ ಕೂರುತ್ತಾನೆ. ಆ ಶಾಲೆಗೆ ಯಾರಿಗೂ ಟಿ.ಸಿ. ಕೊಟ್ಟು ಕೈತೊಳೆದುಕೊಳ್ಳುವ ಅವಕಾಶವಿಲ್ಲ. ಆಮೇಲೆ ನಾವು ಅಲ್ಲಿ ಶಿಸ್ತು ಇಲ್ಲ ಎನ್ನುತ್ತೇವೆ.

ಸಂಸ್ಥೆಯ ಮೇಲಿನ ಗೌರವವೇ ಪ್ರಶ್ನೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ಉದಾಹರಣೆ ಇದೆ. ಅಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಸಭೆಯನ್ನು ಸ್ಥಾಪಿಸಿದ ಎಡ್ಮಂಡ್ ರೈಸ್ ದೈಹಿಕ ಶಿಕ್ಷೆಯನ್ನು ಇಷ್ಟಪಟ್ಟವರಲ್ಲ. ಆದರೂ ಅವರ ಸಭೆಯೂ ಇತರ ಕೆಲವು ಸಭೆಗಳೂ ನಡೆಸಿದ ವಸತಿ ಶಾಲೆಗಳಲ್ಲಿ ದಶಕಗಳ ಕಾಲ ನಡೆದ ಕ್ರೌರ್ಯವನ್ನು 2009ರಲ್ಲಿ ಪ್ರಕಟವಾದ ರಯನ್ ಆಯೋಗದ ವರದಿ ಸಂಪುಟಗಟ್ಟಲೆ ದಾಖಲಿಸಿತು. ಸರಕಾರದ ಶಿಕ್ಷಣ ಇಲಾಖೆ ಧರ್ಮಸಂಸ್ಥೆಗಳ ಮುಂದೆ ತಲೆಬಾಗಿ ನಿಂತದ್ದೂ, ಮಕ್ಕಳ ದೂರಿಗೆ ಕಿವಿಯಿಲ್ಲದ್ದೂ ಅದರಲ್ಲಿದೆ. ನಮ್ಮ ಹಗಲು ಶಾಲೆಗಳನ್ನು ಆ ವಸತಿ ಶಾಲೆಗಳಿಗೆ ಹೋಲಿಸುವುದು ಅನ್ಯಾಯ, ಹೋಲಿಸುತ್ತಿಲ್ಲ. ಸ್ಥಾಪಕರ ಒಳ್ಳೆಯತನ ತನ್ನಷ್ಟಕ್ಕೆ ಮುಂದಿನ ತಲೆಮಾರಿಗೆ ಇಳಿಯುವುದಿಲ್ಲ, ಅದನ್ನು ನಿಯಮವಾಗಿ ಬರೆದು, ಹೊರಗಿನವರೊಬ್ಬರು ಆಗಾಗ ತೆರೆದು ನೋಡುವಂತೆ ಇಡಬೇಕಾಗುತ್ತದೆ ಎಂಬಷ್ಟಕ್ಕೆ ಮಾತ್ರ ಈ ಉದಾಹರಣೆ.

ಇದರಲ್ಲಿ ಶಿಕ್ಷಣ ಮಹಾವಿದ್ಯಾಲಯಗಳಾದ ನಮ್ಮ ಪಾಲೂ ಇದೆ. ನಮ್ಮ ಪಾಠ ಅವಲೋಕನ ನಮೂನೆಯಲ್ಲಿ 'ತರಗತಿ ನಿಯಂತ್ರಣ' ಎಂಬ ಅಂಕಣವಿದೆ, ಅದಕ್ಕೆ ಅಂಕಗಳಿವೆ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ಏನನ್ನು ನೋಡಿ ಅಲ್ಲಿ ಅಂಕ ತುಂಬುತ್ತಾರೆ? ಸದ್ದು ಇದೆಯೋ ಇಲ್ಲವೋ ಎಂದು. ಪ್ರಶಿಕ್ಷಣಾರ್ಥಿಗೆ ಇದು ಗೊತ್ತು. ಶಾಲೆಯಲ್ಲಿ ಅವನಿಗೆ ಅಧಿಕಾರವಿಲ್ಲ, ಹತ್ತು ವಾರ ಕಳೆದರೆ ಹೋಗುವವನೆಂದು ಮಕ್ಕಳಿಗೂ ಗೊತ್ತು. ಗದ್ದಲ ಏಳುತ್ತದೆ. ಆಗ ಖಾಯಂ ಶಿಕ್ಷಕಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಒಂದು ಮಾತೂ ಆಡುವುದಿಲ್ಲ, ತರಗತಿ ತಣ್ಣಗಾಗುತ್ತದೆ. ಪಾಠ ಮುಂದುವರಿಯುತ್ತದೆ, ಅಂಕ ಬರುತ್ತದೆ. 'ಬಾಲ್ಯ ಮತ್ತು ಬೆಳವಣಿಗೆ' ಪತ್ರಿಕೆಯಲ್ಲಿ ನಾವು ಒಂದು ಸೆಮಿಸ್ಟರ್ ಕಲಿಸಿದ್ದನ್ನು ಆ ಒಂದು ನಿಮಿಷ ಅಳಿಸಿಹಾಕುತ್ತದೆ. ಮಕ್ಕಳು ಗುಂಪಿನಲ್ಲಿ ಚರ್ಚಿಸುತ್ತಿದ್ದ ಇನ್ನೊಂದು ತರಗತಿಯಲ್ಲಿ, ಪ್ರಯೋಗದ ಫಲಿತಾಂಶ ಏಕೆ ತಪ್ಪಿತೆಂದು ಜಗಳವಾಡುತ್ತಿದ್ದ ಮಕ್ಕಳ ಮಧ್ಯೆ, ಒಬ್ಬ ಪ್ರಶಿಕ್ಷಣಾರ್ಥಿಗೆ ಇದೇ ಅಂಕಣದಲ್ಲಿ ಹತ್ತಕ್ಕೆ ನಾಲ್ಕು ಬಿದ್ದದ್ದನ್ನು ನಾನು ನೋಡಿದ್ದೇನೆ. ಕಾನ್ವೆಂಟಿನ ಡೈರಿಯನ್ನು ಟೀಕಿಸುವ ಮುನ್ನ ಈ ನಮೂನೆಯನ್ನು ತಿದ್ದಬೇಕು.

ಸಿಬ್ಬಂದಿ ಸಭೆಯ ಮುಂದೆ ನಾನು ಇಟ್ಟಿರುವ ಸಲಹೆ ದೊಡ್ಡದೇನಲ್ಲ. 'ತರಗತಿ ನಿಯಂತ್ರಣ' ಎಂಬ ಅಂಕಣದ ಬದಲು ಮೂರು ಪ್ರಶ್ನೆಗಳಿರಲಿ. ಪಾಠಕ್ಕೆ ಅಡ್ಡಿಯಾದಾಗ ಪ್ರಶಿಕ್ಷಣಾರ್ಥಿ ಕಾರಣ ಕೇಳಿದರೇ? ಮಗುವನ್ನು ಹೆಸರಿಡಿದು ಕರೆದರೇ? ಪಾಠ ಮುಗಿಯುವುದರೊಳಗೆ ಆ ಮಗುವನ್ನು ಮತ್ತೆ ಪಾಠದೊಳಕ್ಕೆ ತಂದರೇ? ಇದರ ಜೊತೆಗೆ 16 ವಾರಗಳ ಅವಧಿಯಲ್ಲಿ ಪ್ರತಿಯೊಬ್ಬರೂ ತಮ್ಮ ಶಾಲೆಯ ಶಿಸ್ತಿನ ನಿಯಮಗಳನ್ನು ಪೂರ್ತಿ ಓದಿ ಒಂದು ಕಿರುವರದಿ ಬರೆಯಲಿ. ಡೈರಿಯಲ್ಲಿ ಕೂದಲಿನ ಉದ್ದಕ್ಕೆ ಎಷ್ಟು ಸಾಲು, ಮಗುವಿನ ಮಾತು ಕೇಳುವ ಬಗೆಗೆ ಎಷ್ಟು ಸಾಲು ಎಂದು ಎಣಿಸಿದರೂ ಸಾಕು. ವರದಿಯ ಒಂದು ಪ್ರತಿ ಶಾಲೆಗೂ ಹೋಗಲಿ. ನಾನು ಮಾತನಾಡಿಸಿದ ಮೂವರು ಮುಖ್ಯೋಪಾಧ್ಯಾಯಿನಿಯರಲ್ಲಿ ಇಬ್ಬರು, ಇಬ್ಬರೂ ಧರ್ಮಭಗಿನಿಯರು, ಬರಲಿ ಎಂದರು. ಅವರಲ್ಲೊಬ್ಬರು ಮುಂದಿನ ವರ್ಷದ ಡೈರಿ ಅಚ್ಚಿಗೆ ಹೋಗುವ ಮೊದಲೇ ಕೊಟ್ಟರೆ ಒಳ್ಳೆಯದು ಎಂದೂ ಸೇರಿಸಿದರು. ಅಚ್ಚಿಗೆ ಹೋಗುವುದು ಏಪ್ರಿಲಿನಲ್ಲಿ. ನಮ್ಮ ನಮೂನೆಯ ವಿಷಯ ಮಾತ್ರ ಸಿಬ್ಬಂದಿ ಸಭೆಯಲ್ಲಿ ಎರಡು ಸಲ ಮುಂದಕ್ಕೆ ಹೋಗಿದೆ, ಮೂರು ಪ್ರಶ್ನೆಗಳಿಗೆ ಹತ್ತು ಅಂಕ ಹಂಚುವುದು ಹೇಗೆ ಎಂಬಲ್ಲಿ ಚರ್ಚೆ ನಿಂತಿದೆ.